ಇನ್ನೊಂದು ಸೀಟ್ ಹಿಡೀತೈತಿ

ಸೊಲ್ಲಾಪುರದಿಂದ ವಿಜಯಪುರಕ್ಕೆ ಬರುವ ರಾಷ್ಟ್ರೀಯ ಹೆದ್ದಾರಿ 52ರಲ್ಲಿ ಝಳಕಿ ಕ್ರಾಸ್ ಸಿಗುತ್ತದೆ. ಇಲ್ಲಿ ಬಸ್ಸಿಳಿದರೆ ಒಂದು ಕಡೆ ಚಡಚಣ, ಇನ್ನೊಂದು ಕಡೆ ಇಂಡಿ. ಎತ್ತ ಹೋಗಬೇಕೆಂದು ನೀವು ಬಾಯಿ ಬಿಡುವುದರೊಳಗೆ ನಿಮ್ಮ ಚೀಲ ಯಾವುದೋ ಮೂರು ಚಕ್ರದ ಟಂಟಂ ಹತ್ತಿ ಕೂತಿರುತ್ತದೆ. “ಬರ್ರಿ ಕಾಕಾ, ಹೊಂಟೇ ಬಿಟ್ಟೀನಿ” ಅನ್ನುತ್ತಾನೆ ಡ್ರೈವರ್. ಎಂಜಿನ್ ಬೇರೆ ಗಡಗಡ ಅನ್ನುತ್ತಿರುತ್ತದೆ. ಅದನ್ನು ನಂಬಿ ಹತ್ತಿದವರು ನಾವೆಲ್ಲ.

ಬಸ್ಸಿಗೆ ವೇಳಾಪಟ್ಟಿ ಉಂಟು, ಬಸ್ಸು ಬರದಿದ್ದರೂ ಪಟ್ಟಿ ಗೋಡೆಯ ಮೇಲೆ ಇರುತ್ತದೆ. ಟಂಟಂಗೆ ಅಂಥ ತಾಪತ್ರಯವಿಲ್ಲ. ತುಂಬಿದರೆ ಹೊರಡುತ್ತದೆ. ತುಂಬುವುದು ಅಂದರೇನು ಎಂಬುದರಲ್ಲಿ ಮಾತ್ರ ಸಾರಿಗೆ ಇಲಾಖೆಗೂ ಡ್ರೈವರನಿಗೂ ಸಿದ್ಧಾಂತಭೇದ. ಹಿಂದಿನ ಸೀಟು ತುಂಬಿತು, ಎದುರಿನ ಹಲಗೆ ತುಂಬಿತು, ನಡುವೆ ಜೋಳದ ಚೀಲದ ಮೇಲೆ ಒಬ್ಬ ಆಯಿ ಕೂತಳು. “ಸ್ವಲ್ಪ ಸರೀರಿ ಯಕ್ಕಾ, ಇನ್ನೊಂದು ಸೀಟ್ ಹಿಡೀತೈತಿ.” ಹಿಡಿಯಿತು ಕೂಡ! ಕೊನೆಗೆ ಡ್ರೈವರನ ಎಡಕ್ಕೊಬ್ಬ, ಬಲಕ್ಕೊಬ್ಬ ಕೂತು, ತನ್ನದೇ ಗಾಡಿಯಲ್ಲಿ ಅವನಿಗೆ ಅರ್ಧ ಸೀಟು ಉಳಿಯುತ್ತದೆ. ಆ ಅರ್ಧಕ್ಕೆ ಅವನು ಯಾರನ್ನೂ ದೂರುವುದಿಲ್ಲ.

ಶೃಂಗಾರದ ಮಾತೇ ಬೇರೆ. ಮುಂಗಾಜಿನ ಮೇಲೆ ಬಸವಣ್ಣ, ಪಕ್ಕದಲ್ಲಿ ಪುನೀತ್ ರಾಜಕುಮಾರ್, ಒಳಗೆ ಡ್ರೈವರನ ತಲೆಯ ಮೇಲೆ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ. ಅಂಗಿಗೆ ಜೇಬೇ ಇಡಿಸದೆ ಬದುಕಿದ ಆ ಮಹಾತ್ಮರ ಫೋಟೊದ ಕೆಳಗೇ ಚಿಲ್ಲರೆಯ ಜಗಳ ನಡೆಯುತ್ತದೆ. ಹಿಂದೆ ದಪ್ಪ ಅಕ್ಷರದಲ್ಲಿ ‘ತಾಯಿಯ ಆಶೀರ್ವಾದ’. ಸಾಲ ಕೊಟ್ಟ ಫೈನಾನ್ಸಿನ ಹೆಸರು ಸಣ್ಣಗೆ. ಇನ್ನು ದೃಷ್ಟಿಗೆ ಕಟ್ಟಿದ ಲಿಂಬೆಹಣ್ಣು. ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿಯೇ ಇಂಡಿಯಲ್ಲಿರುವಾಗ ನಮ್ಮ ಗಾಡಿಗಳಿಗೆ ಯಾರ ಕಣ್ಣು ತಾಗೀತು?

ಬಣ್ಣದಲ್ಲಿ ನಮಗೆ ಸರಿಸಾಟಿ ಅಂದರೆ ಫಿಲಿಪ್ಪೀನ್ಸಿನ ಮನಿಲಾ. ಎರಡನೆಯ ಮಹಾಯುದ್ಧ ಮುಗಿಸಿ ಹೋದ ಅಮೆರಿಕದ ಸೈನ್ಯ ಬಿಟ್ಟ ಜೀಪುಗಳನ್ನು ಅಲ್ಲಿಯವರು ಉದ್ದ ಮಾಡಿ, ದೇವರು, ಕುದುರೆ, ಸಿನಿಮಾ ನಟರನ್ನೆಲ್ಲ ಬರೆಸಿ ಜೀಪ್ನಿ ಮಾಡಿಕೊಂಡರು. ಅಲ್ಲಿ ಹಿಂದೆ ಕೂತವನ ದುಡ್ಡು ಕೈಯಿಂದ ಕೈಗೆ ದಾಟಿ ಡ್ರೈವರನನ್ನು ಮುಟ್ಟುತ್ತದೆ, ಚಿಲ್ಲರೆ ಅದೇ ದಾರಿಯಲ್ಲಿ ವಾಪಸು. ಝಳಕಿಯಲ್ಲಿ ಈ ಪದ್ಧತಿ ಬಂದರೆ ನಡುವೆ ಕೂತವನ ಸಾಲ ತೀರುತ್ತದೆ.

ನಮ್ಮ ಟಂಟಂ ವಂಶವೂ ಕಡಿಮೆಯದಲ್ಲ. ಇಟಲಿಯ ಪಿಯಾಜಿಯೊ ಮೊದಲು ವಿಮಾನ ಮಾಡುತ್ತಿದ್ದ ಕಂಪನಿ. ಯುದ್ಧದಲ್ಲಿ ಅದರ ಕಾರ್ಖಾನೆಯ ಮೇಲೆ ಬಾಂಬು ಬಿತ್ತು. ಆಮೇಲೆ 1946ರಲ್ಲಿ ವೆಸ್ಪಾ ಸ್ಕೂಟರ್, 1948ರಲ್ಲಿ ಮೂರು ಚಕ್ರದ ‘ಆಪೆ’ ಬಂದವು. ಸ್ಕೂಟರಿನ ನಕ್ಷೆ ಬರೆದ ಕೊರಾದಿನೊ ದಾಸ್ಕಾನಿಯೊ ಹೆಲಿಕಾಪ್ಟರ್ ಎಂಜಿನಿಯರ್. ಈಗ ಆಪೆ ಮಹಾರಾಷ್ಟ್ರದ ಬಾರಾಮತಿಯಲ್ಲಿ ತಯಾರಾಗುತ್ತದೆ. ರೋಡ್ ಹಂಪ್ ಬಂದಾಗ ನಾವೆಲ್ಲ ಒಟ್ಟಿಗೆ ಸೀಟು ಬಿಟ್ಟು ಮೇಲೇಳುವುದು ಆ ಹಳೆಯ ರಕ್ತದ ಗುಣ.

ಮನಿಲಾದ ಸರ್ಕಾರ 2017ರಿಂದ ಹಳೆಯ ಜೀಪ್ನಿ ತೆಗೆಸಲು ಹೊರಟಿದೆ, ಡ್ರೈವರುಗಳು ಮುಷ್ಕರ ಹೂಡುತ್ತಿದ್ದಾರೆ. ನಮ್ಮಲ್ಲಿ 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದು, ಹೆಣ್ಣುಮಕ್ಕಳು ಆಧಾರ್ ಕಾರ್ಡ್ ಹಿಡಿದು ಪುಕ್ಕಟೆ ಬಸ್ಸಿಗೆ ನಡೆದರು. “ಟಂಟಂ ಕತಿ ಮುಗೀತ್ರಿ” ಎಂದು ಡ್ರೈವರ್ ಬೀಡಿ ಹಚ್ಚಿದ. ಮುಗಿಯಲಿಲ್ಲ. ಬಸ್ಸು ಡಾಂಬರು ಬಿಟ್ಟು ಇಳಿಯುವುದಿಲ್ಲ. ಜನರಿರುವುದು ತೋಟದ ವಸ್ತಿಗಳಲ್ಲಿ. ಸಂಜೆ ಗೊಬ್ಬರದ ಚೀಲ, ಕೂಸು, ಆಡಿನ ಮರಿ ಸಮೇತ ಬಾಗಿಲ ತನಕ ಬಿಡುವುದು ಇದೊಂದೇ.

ಝಳಕಿಗೆ ಬಂದರೆ ನೀವೂ ಹತ್ತಿ. ಅವಸರವಿದ್ದರೆ ಕೊನೆಯ ಸೀಟಾಗಿ ಹತ್ತಿ. ಹತ್ತು, ಇಪ್ಪತ್ತರ ನೋಟು ಮಾತ್ರ ಮರೆಯಬೇಡಿ; ಐನೂರರ ನೋಟಿಗೆ ಇಡೀ ಗಾಡಿಯಲ್ಲಿ ಯಾರ ಹತ್ತಿರವೂ ಚಿಲ್ಲರೆ ಇರುವುದಿಲ್ಲ.