ಅಡವಿಡಲಾಗದ ವಜ್ರಗಳು

ಲೋನ್ ಸ್ಟಾರ್ ಎಂಬುದು ಅಮೆರಿಕದ ತುಂಡುಬಟ್ಟೆಯ ಹೊದಿಕೆಗಳಾದ ಕ್ವಿಲ್ಟ್‌ಗಳಲ್ಲಿ ಹೆಸರಾಂತ ವಿನ್ಯಾಸ. ಹಾಸಿಗೆಯಗಲದ ಬಟ್ಟೆಯ ನಟ್ಟನಡುವೆ ಎಂಟು ಮೂಲೆಯ ಒಂದೇ ಒಂದು ದೊಡ್ಡ ನಕ್ಷತ್ರ. ಅದರ ಒಂದೊಂದು ತೋಳೂ ಹತ್ತಾರು ಸಣ್ಣ ವಜ್ರಾಕೃತಿಯ ತುಂಡುಗಳ ಜೋಡಣೆ. ತೋಳಿಗೆ ಏಳೇಳಲಿ ನಲವತ್ತೊಂಬತ್ತು ಎಂದು ಹಿಡಿದರೆ ಇಡೀ ನಕ್ಷತ್ರಕ್ಕೆ 392 ವಜ್ರಗಳು. ಇಷ್ಟೊಂದು ವಜ್ರ ಮನೆಯಲ್ಲಿದ್ದೂ ಕಷ್ಟಕಾಲಕ್ಕೆ ಒಂದನ್ನೂ ಅಡವಿಡಲು ಬರುವುದಿಲ್ಲ ಎಂಬುದೇ ಈ ಸಂಪತ್ತಿನ ಕೊರತೆ.

ಈ ನಕ್ಷತ್ರ 19ನೆಯ ಶತಮಾನದ ಮೊದಲ ದಶಕಗಳಲ್ಲೇ ಅಮೆರಿಕದ ಪೂರ್ವಭಾಗದಲ್ಲಿ ರೂಢಿಗೆ ಬಂದಿತ್ತು. ಇದಕ್ಕೆ ‘ಸ್ಟಾರ್ ಆಫ್ ಬೆಥ್ಲೆಹೆಮ್’ ಎಂಬ ಭಕ್ತಿಯ ಹೆಸರೂ ಇದೆ. ಲೆಕ್ಕಕ್ಕೆ ಸಿಕ್ಕಿ ಒದ್ದಾಡಿದವರೇ ಇಟ್ಟರೇನೋ ಎನ್ನಿಸುವ ‘ಮ್ಯಾಥಮೆಟಿಕಲ್ ಸ್ಟಾರ್’ ಎಂಬ ಹೆಸರೂ ಇದೆ. ‘ಲೋನ್ ಸ್ಟಾರ್’ ಎನ್ನುವುದರಲ್ಲಿ ಟೆಕ್ಸಾಸಿನ ನಂಟು ಕಾಣುತ್ತದೆ. 1836ರಿಂದ 1845ರವರೆಗೆ ಸ್ವತಂತ್ರ ಗಣರಾಜ್ಯವಾಗಿದ್ದ ಆ ನಾಡಿನ ಧ್ವಜದಲ್ಲಿ ಒಂಟಿ ನಕ್ಷತ್ರವಿದೆ. ಧ್ವಜದ ನಕ್ಷತ್ರಕ್ಕೆ ಐದು ಮೂಲೆ, ಕ್ವಿಲ್ಟಿನದಕ್ಕೆ ಎಂಟು. ಮೂರು ಮೂಲೆ ಹೆಚ್ಚಾದದ್ದರಿಂದ ಟೆಕ್ಸಾಸಿನವರ ಅಭಿಮಾನಕ್ಕೆ ಕುಂದೇನೂ ಬಂದಂತಿಲ್ಲ.

ಉತ್ತರ ಅಮೆರಿಕದ ಬಯಲುಗಳ ಲಕೋಟಾ ಜನರಲ್ಲಿ ಈ ನಕ್ಷತ್ರಕ್ಕೆ ಬೇರೆಯೇ ಮರ್ಯಾದೆ. ಕಾಡೆಮ್ಮೆಗಳ ಹಿಂಡುಗಳನ್ನು ಬಿಳಿಯರು ಕೊಂದು ಮುಗಿಸಿದ ಮೇಲೆ ಅವರಿಗೆ ತೊಗಲಿನ ಹೊದಿಕೆ ಸಿಗದಾಯಿತು. ಮಿಷನರಿಗಳಿಂದ ಕಲಿತ ಕ್ವಿಲ್ಟ್ ಹೊಲಿಗೆ ಆ ಜಾಗಕ್ಕೆ ಬಂತು. ನಕ್ಷತ್ರ ಅವರ ಬೆಳ್ಳಿಚುಕ್ಕಿಯಾಯಿತು. ಹುಟ್ಟು, ಮದುವೆ, ಸಾವು ಎಲ್ಲಕ್ಕೂ ಅದನ್ನು ಹೊದಿಸಿ ಗೌರವಿಸುತ್ತಾರೆ. ಮೊಂಟಾನಾದ ಫೋರ್ಟ್ ಪೆಕ್ ಮೀಸಲು ಪ್ರದೇಶದಲ್ಲಿ ಶಾಲೆಗಳ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಯಲ್ಲೂ ಈ ಗೌರವ ಸಲ್ಲುವುದುಂಟು.

ತುಂಡುಬಟ್ಟೆಯ ಹೊಲಿಗೆ ಉಳಿತಾಯದ ಕೂಸು ಎಂಬ ಮಾತು ಎಲ್ಲೆಡೆ ಚಾಲ್ತಿಯಲ್ಲಿದೆ. ನಕ್ಷತ್ರದ ಮಟ್ಟಿಗೆ ಆ ಮಾತನ್ನು ಅರ್ಧ ನಂಬಿದರೆ ಸಾಕು. ಒಂದೇ ಬಣ್ಣದ 56 ತುಂಡು ನಕ್ಷತ್ರದ ಒಂದೇ ಸುತ್ತಿಗೆ ಬೇಕಾದಾಗ ಮನೆಯ ಹಳೆ ಬಟ್ಟೆಯ ಗಂಟು ಬಿಚ್ಚಿ ಪ್ರಯೋಜನವಿಲ್ಲ. ಆದ್ದರಿಂದ ಹೊಸ ಬಟ್ಟೆ ಕೊಳ್ಳಬೇಕು, ಕೊಂಡದ್ದನ್ನು ಚೂರು ಮಾಡಬೇಕು, ಚೂರು ಮಾಡಿದ್ದನ್ನು ಮತ್ತೆ ಒಂದು ಮಾಡಬೇಕು. ಅಂಗಡಿಯಲ್ಲಿ ಅದು ಒಂದಾಗಿಯೇ ಇತ್ತಲ್ಲ ಎಂದು ಮನೆಯ ಗಂಡಸರು ಕೇಳುವುದು ಸಹಜ. ಉತ್ತರ ಬಾರದಿರುವುದೂ ಅಷ್ಟೇ ಸಹಜ. 1930ರ ದಶಕದಲ್ಲಿ ಅಮೆರಿಕದಲ್ಲಿ ಕತ್ತರಿಸಿಟ್ಟ ವಜ್ರಗಳ ಕಿಟ್‌ಗಳೇ ಅಂಚೆಯಲ್ಲಿ ಮನೆಗೆ ಬರುತ್ತಿದ್ದವು. ಅಲ್ಲಿಗೆ ಚಿಂದಿಯನ್ನೂ ದುಡ್ಡು ಕೊಟ್ಟು ಕೊಳ್ಳುವ ಕಾಲ ಬಂದಿತ್ತು.

ನಕ್ಷತ್ರದ ಲೆಕ್ಕ ಕಾಗದದ ಮೇಲೆ ಬಹಳ ಸರಳ. ಪ್ರತಿ ವಜ್ರದ ಚೂಪು ಕೋನ 45 ಡಿಗ್ರಿ. ಅಂಥ ಎಂಟು ಸೇರಿದರೆ 360, ಸುತ್ತು ಪೂರ್ತಿ. ಕೋನ 44ಕ್ಕೆ ಇಳಿದರೆ ಎಂಟೂ ಸೇರಿ 352 ಆಗುತ್ತದೆ. ಎಂಟು ಡಿಗ್ರಿಯ ಕೊರತೆಗೆ ನಕ್ಷತ್ರದ ನಡುಭಾಗ ಗೋಪುರವಾಗಿ ಮೇಲೇಳುತ್ತದೆ. 46ಕ್ಕೆ ಏರಿದರೆ 368. ಹೆಚ್ಚಾದ ಬಟ್ಟೆ ಹೋಗಲು ಜಾಗವಿಲ್ಲದೆ ಅಂಚೆಲ್ಲ ಅಲೆಯಲೆಯಾಗುತ್ತದೆ. ಕ್ವಿಲ್ಟ್ ಹೊಲಿಯುವವರು ಮೊದಲನೆಯದಕ್ಕೆ ಜ್ವಾಲಾಮುಖಿ ಎನ್ನುತ್ತಾರೆ. ಅದನ್ನು ಹೊದ್ದು ಮಲಗಲು ಅಡ್ಡಿಯಿಲ್ಲ, ಹೊಟ್ಟೆಯ ಮೇಲೆ ಬರುವಂತೆ ಹೊದ್ದರಾಯಿತು.

ವಜ್ರಗಳನ್ನು ಕತ್ತರಿಸುವ ಬಟ್ಟೆಪಟ್ಟಿಯ ಅಗಲ ಎರಡೂವರೆ ಇಂಚು ಇದ್ದು, ಎರಡೂ ಕಡೆ ಕಾಲಿಂಚು ಹೊಲಿಗೆಗೆ ಹೋದರೆ ಎರಡು ಇಂಚು ಉಳಿಯುತ್ತದೆ. ಆಗ ಸಣ್ಣ ವಜ್ರದ ಒಂದು ಬದಿ ಸುಮಾರು 2.83 ಇಂಚು, ಏಳು ವಜ್ರ ಸೇರಿದ ತೋಳಿನ ಒಂದು ಬದಿ 19.8 ಇಂಚು. ಒಂದು ತುದಿಯಿಂದ ಎದುರು ತುದಿಗೆ ನಕ್ಷತ್ರ 73 ಇಂಚು, ಅಂದರೆ ಆರಡಿಯ ಆಳಿಗಿಂತ ಒಂದಿಂಚು ಉದ್ದ.

ಇಂಥ ನಕ್ಷತ್ರದಲ್ಲಿ ಬಣ್ಣದ ಸುತ್ತುಗಳು 13. ನಡುವಿನ ಸುತ್ತಿಗೆ 8 ವಜ್ರ, ಆಮೇಲೆ 16, 24 ಹೀಗೆ ಏರುತ್ತಾ ಏಳನೆಯ ಸುತ್ತಿಗೆ 56; ಅಲ್ಲಿಂದ ಇಳಿಯುತ್ತಾ ತುದಿಯಲ್ಲಿ ಮತ್ತೆ 8. ತಿಳಿಯಿಂದ ಕಡುಬಣ್ಣಕ್ಕೆ, ಕಡುಬಣ್ಣದಿಂದ ತಿಳಿಗೆ ಹದವಾಗಿ ಸಾಗಿದರೆ ನಕ್ಷತ್ರ ಮಿಡಿಯುವಂತೆ ಕಾಣುತ್ತದೆ. ಬಣ್ಣಗಳನ್ನು ನೆಲದ ಮೇಲೆ ಹರವಿ, ದೂರ ನಿಂತು, ಕಣ್ಣು ಕಿರಿದು ಮಾಡಿ ನೋಡುವುದು ವಾಡಿಕೆ. ಹೀಗೆ ಹರವಿದ್ದು ಮನೆಯ ಬೆಕ್ಕಿಗೂ ಮೊಮ್ಮಕ್ಕಳಿಗೂ ಬಹಿರಂಗ ಆಹ್ವಾನವಾದ್ದರಿಂದ ಪ್ರತಿ ಬಣ್ಣಕ್ಕೆ 1ರಿಂದ 13ರವರೆಗೆ ಚೀಟಿ ಅಂಟಿಸುವುದು ಕ್ಷೇಮ.

ಹಿಂದೆ ತಗಡಿನ ಇಲ್ಲವೇ ರಟ್ಟಿನ ಅಚ್ಚು ಇಟ್ಟು 392 ವಜ್ರಗಳನ್ನೂ ಕತ್ತರಿಯಿಂದ ಬಿಡಿಬಿಡಿಯಾಗಿ ಕತ್ತರಿಸುತ್ತಿದ್ದರು. ಜಪಾನಿನ ಓಲ್ಫಾ ಕಂಪನಿ 1979ರಲ್ಲಿ ಉರುಳುವ ಚಕ್ರದ ಕತ್ತರಿ ತಂದ ಮೇಲೆ ಪಟ್ಟಿ ಹೊಲಿಗೆ ಮನೆಮಾತಾಯಿತು. ಇದರ ಕ್ರಮ ದೀಪಾವಳಿಗೆ ಶಂಕರಪೋಳಿ ಕತ್ತರಿಸುವವರಿಗೆ ಅಂಗೈ ಮೇಲಿನ ನೆಲ್ಲಿ: ಮೊದಲು ಉದ್ದುದ್ದ ಪಟ್ಟಿ, ಆಮೇಲೆ ಓರೆಯಾಗಿ ಕೊಯ್ತ. ವ್ಯತ್ಯಾಸವೆಂದರೆ ಶಂಕರಪೋಳಿ ಸೊಟ್ಟಗಾದರೆ ಕತ್ತರಿಸಿದವರೇ ಬಾಯಿಗೆ ಹಾಕಿಕೊಂಡು ಸಾಕ್ಷಿ ಅಳಿಸಬಹುದು.

ಬಣ್ಣ 1ರಿಂದ 7ರವರೆಗಿನ ಪಟ್ಟಿಗಳನ್ನು ಸಾಲಾಗಿ ಹೊಲಿದರೆ ಮೊದಲ ಕಂತೆ. ಒಂದೊಂದು ಪಟ್ಟಿಯನ್ನೂ ಹಿಂದಿನದಕ್ಕಿಂತ ಸುಮಾರು ಎರಡು ಇಂಚು ಜಾರಿಸಿ ಜೋಡಿಸುವುದರಿಂದ ಓರೆ ಕೊಯ್ತದಲ್ಲಿ ಬಟ್ಟೆ ಹಾಳಾಗುವುದು ಕಡಿಮೆ. ಎರಡನೆಯ ಕಂತೆಗೆ 2ರಿಂದ 8, ಮೂರನೆಯದಕ್ಕೆ 3ರಿಂದ 9, ಹೀಗೆ ಏಳನೆಯದಕ್ಕೆ 7ರಿಂದ 13. ಪ್ರತಿ ಕಂತೆಯನ್ನೂ 45 ಡಿಗ್ರಿ ಓರೆಗೆ ಎರಡೂವರೆ ಇಂಚಿನಂತೆ ಕೊಯ್ದರೆ ಏಳೇಳು ವಜ್ರಗಳ ಸಾಲುಗಳು ಸಿಗುತ್ತವೆ. ಕಂತೆಗೆ ಎಂಟು ಸಾಲು, ಒಟ್ಟು 56 ಸಾಲು. ಏಳು ಸಾಲಿಗೆ ಒಂದು ತೋಳು.

ಇಲ್ಲಿಂದ ಮುಂದೆ ಬಟ್ಟೆ ತನ್ನ ಗುಣ ತೋರಿಸುತ್ತದೆ. ನೇಯ್ಗೆಯ ಹಾಸು ಹೊಕ್ಕುಗಳ ಗುಂಟ ಕತ್ತರಿಸಿದ ಅಂಚು ಎಳೆದರೂ ಬಗ್ಗುವುದಿಲ್ಲ. ಓರೆಯಾಗಿ, ದರ್ಜಿಗಳ ಮಾತಿನಲ್ಲಿ ಕ್ರಾಸಾಗಿ, ಕತ್ತರಿಸಿದ ಅಂಚು ಕೈತಾಕಿದರೆ ಸಾಕು ಹಿಗ್ಗುತ್ತದೆ. 56 ಸಾಲುಗಳ ಉದ್ದದ ಅಂಚುಗಳೆಲ್ಲ ಇಂಥ ಕ್ರಾಸಿನವೇ. ಇದಕ್ಕೆ ಮದ್ದು, ಕತ್ತರಿಸುವ ಮೊದಲೇ ಬಟ್ಟೆಗೆ ಗಟ್ಟಿ ಗಂಜಿ ಹಾಕಿ ಇಸ್ತ್ರಿ ಮಾಡುವುದು. ಹೊಲಿದ ಮೇಲೆ ಇಸ್ತ್ರಿಪೆಟ್ಟಿಗೆಯನ್ನು ಎಳೆದಾಡದೆ ಎತ್ತಿ ಒತ್ತುವುದು. ಅಂಗಿಗೆ ಇಸ್ತ್ರಿ ಮಾಡಿದ ಹುಮ್ಮಸ್ಸಿನಲ್ಲಿ ಇದಕ್ಕೂ ಮಾಡಿದರೆ ಏಳು ವಜ್ರದ ಸಾಲು ಏಳೂಕಾಲು ವಜ್ರದ ಉದ್ದಕ್ಕೆ ಬೆಳೆದಿರುತ್ತದೆ.

ಎರಡು ಸಾಲುಗಳನ್ನು ಜೋಡಿಸುವುದೇ ಇಡೀ ಕೆಲಸದ ತಿರುಳು. ಚೌಕದ ತುಂಡುಗಳಾದರೆ ಅಂಚಿಗೆ ಅಂಚು, ಹೊಲಿಗೆಗೆ ಹೊಲಿಗೆ ಇಟ್ಟರೆ ಮುಗಿಯಿತು. ಓರೆಯ ಸಾಲುಗಳಲ್ಲಿ ಹಾಗೆ ಮಾಡಿದರೆ ಮೂಲೆಗಳು ಖಂಡಿತ ತಪ್ಪುತ್ತವೆ. ಸಾಲುಗಳನ್ನು ಮುಖಕ್ಕೆ ಮುಖ ಇಟ್ಟಾಗ ಮೇಲಿನ ಹೊಲಿಗೆಯೂ ಕೆಳಗಿನದೂ ಒಂದನ್ನೊಂದು ಅಡ್ಡ ಹಾಯುತ್ತವೆ. ಅವು ಸಂಧಿಸಬೇಕಾದದ್ದು ಬಟ್ಟೆಯ ಅಂಚಿನಲ್ಲಲ್ಲ, ಅಂಚಿನಿಂದ ಕಾಲಿಂಚು ಒಳಗೆ, ಮುಂದೆ ಹೊಲಿಗೆ ಬೀಳುವ ಗೆರೆಯ ಮೇಲೆ. ಅಲ್ಲಿ ಪೆನ್ಸಿಲಿನಿಂದ ಗುರುತು ಮಾಡಿ, ಗುಂಡುಸೂಜಿಯನ್ನು ನೇರವಾಗಿ ಚುಚ್ಚಿ, ಅದರ ಮೊನೆ ಹಿಂಬದಿಯ ಹೊಲಿಗೆಯ ಮೇಲೇ ಹೊರಬಂತೇ ಎಂದು ತಿರುಗಿಸಿ ನೋಡಬೇಕು. ಬಂದಿದ್ದರೆ ಪಕ್ಕದಲ್ಲಿ ಇನ್ನೊಂದು ಸೂಜಿ ಚುಚ್ಚಿ ಬಿಗಿ ಮಾಡಬೇಕು. ಸಾಲಿನ ಎರಡು ತುದಿಗಳಲ್ಲಿ ಪುಟ್ಟ ಕಿವಿಗಳಂತೆ ಬಟ್ಟೆ ಹೊರಚಾಚುತ್ತದೆ. ಹೊಸಬರು ಅದನ್ನು ತಪ್ಪೆಂದು ತಿಳಿದು ಒಳಕ್ಕೆ ಎಳೆದು ಸರಿ ಮಾಡುತ್ತಾರೆ. ತಪ್ಪು ಆರಂಭವಾಗುವುದೇ ಅಲ್ಲಿಂದ.

ಒಂದು ತೋಳಿನೊಳಗೆ ಇಂಥ ಸಂಧಿಗಳು 36, ಎಂಟು ತೋಳಿಗೆ 288. ತೋಳುಗಳನ್ನು ಒಂದಕ್ಕೊಂದು ಕೂಡಿಸುವಾಗ ಇನ್ನೂ 48. ಒಟ್ಟು 336 ಕಡೆ ನಾಲ್ಕು ಮೂಲೆಗಳು ಒಂದೆಡೆ ಸೇರಬೇಕು. ಕಾಲಿಂಚೆಂದರೆ ಬಡಗಿಯ ಲೆಕ್ಕದಲ್ಲಿ ಎರಡು ನೂಲು. ಪ್ರತಿ ಹೊಲಿಗೆಗೂ ಅರ್ಧ ನೂಲು ಬಟ್ಟೆ ಹೆಚ್ಚಿಗೆ ಹೋದರೆ ಆರು ಹೊಲಿಗೆ ದಾಟುವಷ್ಟರಲ್ಲಿ ಮೂರು ನೂಲು ಮಾಯ. ಎಲ್ಲ ತೋಳುಗಳಲ್ಲೂ ಒಂದೇ ಪ್ರಮಾಣದಲ್ಲಿ ಮಾಯವಾದರೆ ನಕ್ಷತ್ರ ಸ್ವಲ್ಪ ಚಿಕ್ಕದಾಗುತ್ತದೆ, ಅಷ್ಟೆ. ಸೋಮವಾರದ ತೋಳಿಗೂ ಶನಿವಾರದ ತೋಳಿಗೂ ಕೈ ಬೇರೆಯಾದರೆ ಮಾತ್ರ ಗಂಡಾಂತರ. ಸದಾ ಒಂದೇ ತಪ್ಪು ಮಾಡುವವರನ್ನು ನಕ್ಷತ್ರ ಕ್ಷಮಿಸುತ್ತದೆ. ದಿನಕ್ಕೊಂದು ತಪ್ಪು ಮಾಡುವವರನ್ನು ಕ್ಷಮಿಸುವುದಿಲ್ಲ.

ಎಂಟು ತೋಳುಗಳನ್ನು ಎರಡೆರಡಾಗಿ ಸೇರಿಸಿ ನಾಲ್ಕು ಜೋಡಿ, ಜೋಡಿ ಸೇರಿಸಿ ಎರಡು ಅರ್ಧ, ಕೊನೆಗೆ ಅರ್ಧ ಅರ್ಧ ಸೇರಿಸಿ ಪೂರ್ತಿ ನಕ್ಷತ್ರ. ಅರ್ಧ ನಕ್ಷತ್ರದ ನೇರ ಅಂಚಿಗೆ ಸ್ಕೇಲು ಇಟ್ಟು ನೋಡುವುದು ಕೊನೆಯ ಅವಕಾಶ. ಉಬ್ಬೋ ತಗ್ಗೋ ಕಂಡರೆ ಅಲ್ಲಿಯೇ ಹೊಲಿಗೆ ಬಿಚ್ಚಬೇಕು. ಕೇಂದ್ರದಲ್ಲಿ ಎಂಟು ಹೊಲಿಗೆಗಳ ಅಂಚು ಪದರದ ಮೇಲೆ ಪದರವಾಗಿ ಗಂಟು ಕಟ್ಟುವುದರಿಂದ, ಹಿಂಬದಿಯಲ್ಲಿ ಎಲ್ಲವನ್ನೂ ಒಂದೇ ದಿಕ್ಕಿಗೆ ಸುತ್ತಿ ಮಲಗಿಸಿ ಇಸ್ತ್ರಿ ಒತ್ತುತ್ತಾರೆ.

ತೋಳುಗಳ ನಡುವೆ ಎಂಟು ಸಂದುಗಳು ಉಳಿಯುತ್ತವೆ, ಎಲ್ಲವೂ 90 ಡಿಗ್ರಿಯವು. ನಾಲ್ಕು ಮೂಲೆಗೆ ನಾಲ್ಕು ಚೌಕ, ನಾಲ್ಕು ಬದಿಗೆ ನಾಲ್ಕು ತ್ರಿಕೋನ. ಸಂದಿಯ ಒಳಮೂಲೆಗೆ ಹೊಲಿಗೆ ಕಾಲಿಂಚು ಮೊದಲೇ ನಿಂತು, ಬಟ್ಟೆ ತಿರುಗಿಸಿಕೊಂಡು ಮತ್ತೆ ಹೊರಡಬೇಕು. ಒಂದು ಟಾಕು ಮುಂದೆ ಹೋದರೂ ಮುಂಬದಿಯಲ್ಲಿ ನೆರಿಗೆ ಬೀಳುತ್ತದೆ. ಪುಸ್ತಕದಲ್ಲಿ ಬರೆದ ಅಳತೆಗೆ ಚೌಕ ಕತ್ತರಿಸುವುದು ಇಲ್ಲಿ ಸಲ್ಲದು. ಹೊಲಿದು ಮುಗಿದ ತೋಳಿನ ಬದಿಯನ್ನು ಟೇಪು ಹಿಡಿದು ಅಳೆದು, ಹೊಲಿಗೆಯ ಅಂಚಿನ ಜೊತೆ ಇನ್ನೂ ಅರ್ಧ ಇಂಚು ಧಾರಾಳವಾಗಿ ಬಿಟ್ಟು ಕತ್ತರಿಸಿದವರೇ ಗೆಲ್ಲುತ್ತಾರೆ. ಹೊರಗಂಚನ್ನು ಕೊನೆಗೆ ಸಮ ಮಾಡಿದರೆ ಸುಮಾರು ಐದೂಮುಕ್ಕಾಲು ಅಡಿಯ ಚೌಕ ಸಿದ್ಧ.

ಕರ್ನಾಟಕದ ಕೌದಿ ಈ ಇಡೀ ತಂಟೆಗೆ ಬೆನ್ನು ಹಾಕಿ ಕೂತಿದೆ. ಹಳಿಯಾಳ, ಯಲ್ಲಾಪುರ, ಮುಂಡಗೋಡಿನ ಸಿದ್ದಿ ಸಮುದಾಯದ ಹೆಂಗಸರು ಹಳೆ ಸೀರೆಯ ಮೇಲೆ ತುಂಡುಗಳನ್ನು ಅಂಚಿನಿಂದ ಆರಂಭಿಸಿ ಸುತ್ತುತ್ತಾ ನಡುವಿಗೆ ಹೊಲಿದುಕೊಂಡು ಬರುತ್ತಾರೆ, ಟೇಪಿಲ್ಲ, ಡಿಗ್ರಿಯಿಲ್ಲ. ತುಂಡು ಸಾಲದಿದ್ದರೆ ಇನ್ನೊಂದು ತುಂಡು, ಹೆಚ್ಚಾದರೆ ಮಡಿಕೆ. ಆ ಕೌದಿಗಳು ಅಮೆರಿಕದ ಪ್ರದರ್ಶನಗಳಿಗೂ ಹೋಗಿ ಮೆಚ್ಚುಗೆ ಪಡೆದಿವೆ. ಚಳಿಗಾಲದ ಬೆಳಗಿನ ಜಾವ ನಕ್ಷತ್ರವೂ ಕೌದಿಯೂ ಒಂದೇ ಸಮ ಬೆಚ್ಚಗಿರುತ್ತವೆ.

ನಕ್ಷತ್ರವೇ ಬೇಕೆನ್ನುವವರು ಬಟ್ಟೆ ಅಂಗಡಿಗೆ ಹೋಗುವ ಮುನ್ನ ಒಂದು ಪರೀಕ್ಷೆ ಮಾಡಿ ನೋಡುವುದು ಒಳ್ಳೆಯದು. ಒಂದೂವರೆ ಇಂಚು ಅಗಲದ ಮೂರು ಪಟ್ಟಿಗಳನ್ನು ಕಾಲಿಂಚು ಬಿಟ್ಟು ಹೊಲಿದು ಅಳೆಯಬೇಕು. ಒಟ್ಟು ಅಗಲ ಮೂರೂವರೆ ಇಂಚು, ನಡುವಿನ ಪಟ್ಟಿ ಸರಿಯಾಗಿ ಒಂದು ಇಂಚು ಬಂದರೆ ಧೈರ್ಯವಾಗಿ 13 ಬಣ್ಣ ಕೊಳ್ಳಬಹುದು. ಬರದಿದ್ದರೆ ಮನೆಯ ಹಳೆ ಸೀರೆಗಳನ್ನು ಹೊರತೆಗೆದು ಕೌದಿ ಹೊಲಿಯುವುದೇ ಲೇಸು.