ಗೆಲ್ಲುವ ಆಟವನ್ನು ಡ್ರಾ ಮಾಡುವ ಕ್ರಮ

ಮೊದಲು ಎದುರಾಳಿಯ ರೇಟಿಂಗ್ ನೋಡಿ. ನಿಮ್ಮದಕ್ಕಿಂತ ಹೆಚ್ಚಿದ್ದರೆ ಹೆದರಿ. ಕಡಿಮೆಯಿದ್ದು, ಎದುರು ಕೂತವನ ಕಾಲು ಇನ್ನೂ ನೆಲಕ್ಕೆ ಎಟುಕದಿದ್ದರೆ ಮತ್ತಷ್ಟು ಹೆದರಿ.

ಬಿಳಿ ಕಾಯಿ ನಿಮ್ಮದೇ? ಹುಡುಗ ಫ್ರೆಂಚ್ ಡಿಫೆನ್ಸ್ ಆಡಿದರೆ ಮೂರನೇ ನಡೆಯಲ್ಲೇ ಪಾನ್ ಹೊಡೆದು ಹೊಡೆಸಿಕೊಳ್ಳಿ. ಎರಡೂ ಕಡೆ ಪಾನ್‌ಗಳು ಒಂದೇ ತರ ನಿಲ್ಲುತ್ತವೆ, ತಲೆನೋವಿಲ್ಲ. ಆಮೇಲೆ ರಾಣಿಗೆ ರಾಣಿ, ಆನೆಗೆ ಆನೆ, ಕುದುರೆಗೆ ಕುದುರೆ ಕೊಟ್ಟು ಮುಗಿಸಿ.

ಇಷ್ಟಾದರೂ ಒಂದು ಪಾನ್ ಹೆಚ್ಚಿಗೆ ಸಿಕ್ಕಿಬಿಡುವುದುಂಟು. ಗಾಬರಿ ಬೇಡ. ಬೋರ್ಡಿನಲ್ಲಿ ವಿರುದ್ಧ ಬಣ್ಣದ ಬಿಷಪ್‌ಗಳನ್ನು ಮಾತ್ರ ಉಳಿಸಿ. ನಿಮ್ಮದು ಬಿಳಿ ಮನೆ ಬಿಡುವುದಿಲ್ಲ, ಅವನದು ಕಪ್ಪು ಮನೆ ಬಿಡುವುದಿಲ್ಲ. ಎರಡು ಪಾನ್ ಮುಂದಿದ್ದರೂ ಇಲ್ಲಿ ಎಷ್ಟೋ ಆಟ ಡ್ರಾ ಆಗುತ್ತವೆ.

ಈಗ ಡ್ರಾ ಕೇಳಿ. ನಡೆ ಆಡಿ, ಮೆಲ್ಲಗೆ 'ಡ್ರಾ?' ಎನ್ನಿ, ಆಮೇಲೆ ಗಡಿಯಾರ ಒತ್ತಿ. ನಿಯಮದ ಕ್ರಮ ಇದೇ. ಪಾನ್ ಕಳೆದುಕೊಂಡ ಹುಡುಗ ತಲೆಯೆತ್ತದೆ ಬೇಡವೆಂದು ಕತ್ತು ಅಲ್ಲಾಡಿಸುತ್ತಾನೆ. ಎರಡು ನಡೆ ಬಿಟ್ಟು ಮತ್ತೆ ಕೇಳಿ. ಮೂರನೇ ಸಲ ಬೇಡ, ಅವನು ಕೈಯೆತ್ತಿ ಆರ್ಬಿಟರ್‌ನನ್ನು ಕರೆಯುತ್ತಾನೆ. ಪದೇಪದೇ ಕೇಳಿ ಎದುರಾಳಿಯನ್ನು ಕಾಡುವುದು ತಪ್ಪೆಂದು ಅವನಿಗೆ ಯಾವಾಗಲೋ ಪಾಠವಾಗಿದೆ.

ಹಾಗಾಗಿ ಬಿಷಪ್ಪನ್ನು ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ ಓಡಾಡಿಸಿ. ಅವನಿಗೂ ಬೇರೆ ದಾರಿಯಿಲ್ಲ. ಅದೇ ಸ್ಥಿತಿ ಮೂರನೇ ಸಲ ಬರುವಾಗ ನಡೆಯನ್ನು ಆಡಬೇಡಿ. ಸ್ಕೋರ್‌ಶೀಟಿನಲ್ಲಿ ಬರೆದು, ಗಡಿಯಾರ ನಿಲ್ಲಿಸಿ, ಆರ್ಬಿಟರ್‌ಗೆ ಹೇಳಿ. ಲೆಕ್ಕ ತಪ್ಪಿದರೆ ಹುಡುಗನಿಗೆ ಎರಡು ನಿಮಿಷ ಹೆಚ್ಚು ಸಿಗುತ್ತದೆ. ನಿಮ್ಮ ಅಕ್ಷರ ನಿಮಗೇ ತಿಳಿಯದಿದ್ದರೆ ಅವನ ಹಾಳೆ ನೋಡಲು ಹೇಳಿ. ಅದು ಅಚ್ಚುಕಟ್ಟಾಗಿಯೇ ಇರುತ್ತದೆ.

ಗೆಳೆಯರು ಹಂಗಿಸಿದರೆ ಇತಿಹಾಸ ತೆಗೆಯಿರಿ. 1984ರಲ್ಲಿ ಶುರುವಾದ ಕಾರ್ಪೊವ್–ಕಾಸ್ಪರೋವ್ ಪಂದ್ಯದ 48 ಆಟಗಳಲ್ಲಿ 40 ಡ್ರಾ. 2018ರಲ್ಲಿ ಲಂಡನ್‌ನಲ್ಲಿ ಕಾರ್ಲ್‌ಸನ್–ಕರುವಾನಾ ಆಡಿದ ಹನ್ನೆರಡು ಕ್ಲಾಸಿಕಲ್ ಆಟಗಳೂ ಡ್ರಾ. ಅದರಲ್ಲಿ ಮೊದಲನೆಯದೇ 115 ನಡೆ ಎಳೆದಿತ್ತು ಎಂಬುದನ್ನು ಮಾತ್ರ ಬಾಯಿಬಿಡಬೇಡಿ.

ಕೈಕುಲುಕಿ, ಎರಡೂ ಹಾಳೆಗೆ ಸಹಿ ಹಾಕಿ, ಬೇಗ ಹೊರಗೆ ನಡೆಯಿರಿ. ತಡಮಾಡಿದರೆ ಹುಡುಗ ಅಪ್ಪನ ಮೊಬೈಲ್ ಹಿಡಿದು ಬಂದು, "ಅಂಕಲ್, ಕಿಂಗ್ ಮುಂದೆ ತಂದಿದ್ರೆ ನೀವೇ ವಿನ್ನಿಂಗ್" ಎನ್ನುತ್ತಾನೆ. "ಗೊತ್ತಿತ್ತು ಕಣೋ" ಎಂದು ಬೆನ್ನು ತಟ್ಟಿ.

ಮನೆಯಲ್ಲಿ ಏನಾಯಿತೆಂದು ಕೇಳಿದರೆ ಸೋಲಲಿಲ್ಲ ಎನ್ನಿ. ಎದುರಾಳಿಯ ವಯಸ್ಸು ಹೇಳಬೇಡಿ.