ಕುರಿ ಸಾಯದ ಖಂಡ

(ಇಳಕಲ್ಲಿನ ಮಗ್ಗದ ಮನೆ. ಬೆಂಗಳೂರಿನ ಅಳಿಯ ಹೊಸದಾಗಿ ವೀಗನ್ ಆಗಿದ್ದಾನೆ: ಖಂಡವಷ್ಟೇ ಅಲ್ಲ, ಹಾಲು, ಮೊಸರು, ತುಪ್ಪವೂ ಬೇಡ. ಅತ್ತೆ ಬಡಿಸಿದ ಮೊಸರು ಬದಿಗೆ ಸರಿದಿದೆ.)

ಅಳಿಯ: ಮಾವಾ, ಈಗ ಲ್ಯಾಬಿನ್ಯಾಗ ಖಂಡ ಬೆಳೀತಾರ. 2013ರಾಗ ಲಂಡನ್ನಿನ್ಯಾಗ ಮೊದಲ ಬರ್ಗರ್ ತಿಂದ್ರು. 2020ರಾಗ ಸಿಂಗಾಪುರದಾಗ ಕೋಳಿ ಮಾರಾಕೂ ಪರವಾನಗಿ ಸಿಕ್ತು. ಪ್ರಾಣಿ ಕೊಲ್ಲೂದ ಬ್ಯಾಡ!

ಮಾವ: ಬೀಜ ಎಲ್ಲಿಂದ ತಂದ್ರು?

ಅಳಿಯ: ಆಕಳ ಮೈಯಿಂದ ಒಂದೀಟು ಜೀವಕೋಶ.

ಮಾವ: ಗೊಬ್ಬರ?

ಅಳಿಯ: (ಮೆಲ್ಲಗೆ) ಮೊದಲ... ಹುಟ್ಟದ ಕರುವಿನ ರಕ್ತದ ಸೀರಮ್ಮು. ಈಗ ಅದಿಲ್ಲದ ದ್ರಾವಣಾನೂ ಮಾಡ್ಯಾರ.

ಅತ್ತೆ: ಕರುವಿನ ರಗತ ನಡೀತದ, ಆಕಳ ಮೊಸರು ನಡ್ಯಾಂಗಿಲ್ಲ?

ಅಳಿಯ: ನಾ ತಿಂದಿಲ್ಲತ್ತಿ! ಇದು ತತ್ವದ ಪ್ರಶ್ನೆ.

ಮಾವ: ರೇಟು?

ಅಳಿಯ: ಆ ಮೊದಲ ಬರ್ಗರ್ ಒಂದಕ್ಕ ಎರಡೂವರೆ ಲಕ್ಷ ಯೂರೋ ಆಗಿತ್ತು.

ಅತ್ತೆ: ಅಯ್ಯ ಶಿವನ! ಬಾದಾಮಿ ಬನಶಂಕರಿ ಜಾತ್ರ್ಯಾಗ ರೊಟ್ಟಿ, ಎಣ್ಣಿಗಾಯಿ, ಶೇಂಗಾ ಚಟ್ನಿ ತಿಂದು ಬರ್ತೀವಿ. ಅದಕ್ಕ ಇಂಗ್ಲಿಷ್ ಹೆಸರೈತಿ ಅಂತ ಗೊತ್ತಿರಲಿಲ್ಲ ನೋಡು.

ಮಾವ: ನಮ್ಮ ಸೀರೀದೂ ಅದ ಕತಿ. ಒಡಲು ಹತ್ತಿ, ಸೆರಗು ರೇಷ್ಮಿ. ಗೂಡು ಕುದಿಸಿದ್ರ ಹುಳ ಸಾಯ್ತದ. ಒಡಲು ವೀಗನ್ನು, ಸೆರಗು ಖಂಡ. ನಾವು ನಡುವ ಕೊಂಡಿ ಹಾಕಾವರು!

(ಅಳಿಯನ ಚೀಲದಿಂದ ಕರದಂಟಿನ ಡಬ್ಬಿ ಹೊರಬರುತ್ತದೆ. ಅಮೀನಗಡದಲ್ಲಿ ಕೊಂಡದ್ದು ಹುನಗುಂದ ದಾಟುವಷ್ಟರಲ್ಲಿ ಅರ್ಧ ಖಾಲಿ.)

ಅತ್ತೆ: ಇದ್ರಾಗ ತುಪ್ಪ ಐತಲ್ಲೋ!

ಅಳಿಯ: ಪ್ರಯಾಣದಾಗ ನಡೀತದತ್ತಿ. ಕೈ ಒರಸಾಕ ಏನರ ಕೊಡ್ರಿ.

ಅತ್ತೆ: (ಸೆರಗು ಹಿಂದಕ್ಕೆಳೆದುಕೊಂಡು) ಇದು ಖಂಡ. ಮುಟ್ಟಬ್ಯಾಡ.